ಬಟಾಣಿ ಗಿಡ ಬೆಳೆಸಿದ ಫಾಲ್ಕೆ

ಫಾಲ್ಕೆ ಎಂದ ಕೂಡಲೇ ನಮಗೆಲ್ಲ ಮೊದಲು ನೆನಪಿಗೆ ಬರುವುದು ಪ್ರಶಸ್ತಿ. ನಮ್ಮ ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನದು ಬಂತು. ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರಿಗೆ 2008ನೇ ಸಾಲಿನದು ಬಂತು. ಪ್ರಶಸ್ತಿ ಶುರುವಾದದ್ದು 1969ರಲ್ಲಿ. ಇಷ್ಟು ಸಾಮಾನ್ಯಜ್ಞಾನದ ಪುಸ್ತಕ ಓದಿದವರಿಗೆಲ್ಲ ಗೊತ್ತು. ಭಾರತದ ಮೊದಲ ಕಥಾಚಿತ್ರ ಯಾವುದು ಅಂದ್ರೆ ‘ರಾಜಾ ಹರಿಶ್ಚಂದ್ರ’, 1913 ಅಂತ ಒಂದು ಅಂಕದ ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡ್ತೇವೆ. ಆ ಒಂದು ಅಂಕದ ಹಿಂದೆ ಒಬ್ಬ ಮನುಷ್ಯ ಇದ್ದ, ಅವನು ಹೆಂಡತಿ ಮಗುವನ್ನು ಕಳೆದುಕೊಂಡಿದ್ದ, ವ್ಯಾಪಾರ ಕಳೆದುಕೊಂಡಿದ್ದ, ಕೊನೆಗೆ ಕಣ್ಣನ್ನೂ ಕಳೆದುಕೊಂಡು ಪುನಃ ಪಡೆದುಕೊಂಡಿದ್ದ ಎನ್ನುವುದು ಪರೀಕ್ಷೆಯ ಪ್ರಶ್ನೆಯಲ್ಲ. ಆದ್ದರಿಂದ ಅದನ್ನು ಇಲ್ಲಿ ಬರೆಯಬೇಕು ಅನ್ನಿಸಿತು.

ಸಿನಿಮಾದ ಇತಿಹಾಸ ಬರೆಯೋದು ನನ್ನ ಉದ್ದೇಶವಲ್ಲ. ಅಷ್ಟು ಓದಿದವನೂ ನಾನಲ್ಲ. ಬಿದ್ದಾಗಲೆಲ್ಲ ಈ ಮನುಷ್ಯ ಯಾವುದನ್ನು ಹಿಡಿದುಕೊಂಡು ಎದ್ದ ಎಂಬುದಷ್ಟೇ ನನಗೆ ಬೇಕಾದ ವಿಷಯ. ಹುಡುಕಿದರೆ ಪ್ರತಿ ಸಲವೂ ಅದು ಒಂದು ಹವ್ಯಾಸವೇ ಆಗಿತ್ತು.

ಧುಂಡಿರಾಜ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರ ಏಪ್ರಿಲ್ 30ರಂದು, ತ್ರ್ಯಂಬಕೇಶ್ವರದಲ್ಲಿ. ನಾಸಿಕದಿಂದ ಸುಮಾರು ಮೂವತ್ತು ಕಿಲೋಮೀಟರ್ ಹೋದರೆ ಸಿಗುವ ಊರು. ಹನ್ನೆರಡು ಜ್ಯೋತಿರ್ಲಿಂಗಗಳಲ್ಲಿ ಒಂದು ಅಲ್ಲಿದೆ. ಊರ ಹಿಂದೆ ಬ್ರಹ್ಮಗಿರಿ ಬೆಟ್ಟ. ಗೋದಾವರಿ ಹುಟ್ಟುವುದು ಅಲ್ಲೇ. ಕರಿಕಲ್ಲಿನ ದೇವಾಲಯವನ್ನು ಈಗಿರುವ ರೂಪದಲ್ಲಿ ಕಟ್ಟಿಸಿದವರು ಪೇಶ್ವೆ ನಾನಾಸಾಹೇಬರು. ಕುಶಾವರ್ತ ಕುಂಡದಲ್ಲಿ ಸ್ನಾನ ಮಾಡಲು ಹನ್ನೆರಡು ವರ್ಷಕ್ಕೊಮ್ಮೆ ಸಿಂಹಸ್ಥ ಕುಂಭಮೇಳಕ್ಕೆ ದೇಶವೇ ಬಂದು ಸೇರುತ್ತದೆ. ನಮ್ಮ ಕಡೆಯ ಮುದುಕರು ಕಾಶಿಗೆ ಹೋಗಿ ಬರುವಾಗ ನಾಸಿಕ, ತ್ರ್ಯಂಬಕ ಎರಡನ್ನೂ ಮುಗಿಸಿಕೊಂಡೇ ಬರೋದು. ಅಂಥ ಊರಿನಲ್ಲಿ, ಸಂಸ್ಕೃತ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಹುಡುಗ ಪುರೋಹಿತನೋ ಪಂಡಿತನೋ ಆಗಬೇಕಿತ್ತು. ಪುರಾಣ ಕತೆಗಳೇನೋ ಬಾಯಿಪಾಠವಾದವು. ಆದರೆ ಕೈ ಮಾತ್ರ ಚಿತ್ರ ಬರೆಯುವ ಕಡೆಗೇ ಓಡುತ್ತಿತ್ತು.

ತಂದೆಗೆ ಬೊಂಬಾಯಿಯ ವಿಲ್ಸನ್ ಕಾಲೇಜಿನಲ್ಲಿ ಸಂಸ್ಕೃತ ಕಲಿಸುವ ಕೆಲಸ ಸಿಕ್ಕಿತು. ಮನೆಮಂದಿ ಅಲ್ಲಿಗೆ ಹೋದರು. 1885ರಲ್ಲಿ ಹುಡುಗ ಜೆ. ಜೆ. ಕಲಾಶಾಲೆ ಸೇರಿದ. ಆಮೇಲೆ ಬರೋಡದಲ್ಲಿದ್ದ ಅಣ್ಣನ ಬಳಿ ಹೋಗಿ ಅಲ್ಲಿನ ಕಲಾಭವನದಲ್ಲಿ ಕಲಿತ. ಏನೇನು ಕಲಿತ ಅಂತೀರಿ? ತೈಲವರ್ಣ, ಜಲವರ್ಣ, ಮಣ್ಣಿನ ಅಚ್ಚು ಮಾಡೋದು, ಕಟ್ಟಡದ ನಕ್ಷೆ, ಫೋಟೋಗ್ರಫಿ, ಫೋಟೋ ತೊಳೆಯೋದು, ಮುದ್ರಣದ ಬ್ಲಾಕ್ ಮಾಡೋದು. 1892ರ ಅಹಮದಾಬಾದಿನ ವಸ್ತುಪ್ರದರ್ಶನದಲ್ಲಿ ಆದರ್ಶ ನಾಟಕಶಾಲೆಯೊಂದರ ಮಾದರಿ ಮಾಡಿಟ್ಟು ಚಿನ್ನದ ಪದಕವನ್ನೂ ತೆಗೆದುಕೊಂಡ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತ ನಮ್ಮಲ್ಲಿ ಗಾದೆ ಇದೆ. ಮನೆಯ ಹಿರಿಯರು ಈ ಹುಡುಗನಿಗೂ ಅದನ್ನೇ ಹೇಳುತ್ತಿದ್ದರೇನೋ. ಆದರೆ ಮುಂದೆ ನೋಡಿ, ಆ ಹತ್ತೂ ಕಟ್ಟಿದ್ದು ಒಂದೊಂದಾಗಿ ಕೆಲಸಕ್ಕೆ ಬಂತು.

ಓದು ಮುಗಿಸಿ ಫಾಲ್ಕೆ ಗೋಧ್ರಾದಲ್ಲಿ ಫೋಟೋ ಸ್ಟುಡಿಯೋ ಇಟ್ಟರು. ಮದುವೆಯಾಯಿತು, ಮಗುವಾಯಿತು. ಅಷ್ಟರಲ್ಲಿ ಪ್ಲೇಗು ಬಂತು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಈ ಮಾರಿ 1898ರಲ್ಲಿ ನಮ್ಮ ಬೆಂಗಳೂರಿಗೂ ಬಂದು ಸಾವಿರಾರು ಜನರನ್ನು ತಿಂದಿತು; ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದೇ ಆ ಕಾಲದಲ್ಲಿ. ಗೋಧ್ರಾದಲ್ಲಿ ಅದು ಫಾಲ್ಕೆಯವರ ಹೆಂಡತಿಯನ್ನೂ ಮಗುವನ್ನೂ ತೆಗೆದುಕೊಂಡು ಹೋಯಿತು. ಮೂವತ್ತರ ಆಸುಪಾಸಿನ ಮನುಷ್ಯ, ಮನೆ ಖಾಲಿ. ಊರು ಬಿಟ್ಟು ಬರೋಡಕ್ಕೆ ಬಂದು ಮತ್ತೆ ಸ್ಟುಡಿಯೋ ತೆರೆದರೆ ಜನ ಒಳಗೇ ಬರಲಿಲ್ಲ. ಫೋಟೋ ತೆಗೆಸಿಕೊಂಡರೆ ಮೈಯ ಶಕ್ತಿಯೆಲ್ಲ ಕ್ಯಾಮೆರಾ ಹೀರಿಕೊಳ್ತದೆ, ಆಯಸ್ಸು ಕಡಿಮೆ ಆಗ್ತದೆ ಅಂತ ಊರಲ್ಲಿ ನಂಬಿಕೆ ಇತ್ತು. ಅಂಗಡಿ ಮುಚ್ಚಿತು.

ಈ ಹೊತ್ತಿನಲ್ಲಿ ಅವರು ಮಾಡಿದ ಕೆಲಸ ಕೇಳಿದರೆ ನಗು ಬರಬಹುದು. ಜಾದೂ ಕಲಿತರು! ಬರೋಡಕ್ಕೆ ಬಂದಿದ್ದ ವಿದೇಶೀ ಜಾದೂಗಾರನೊಬ್ಬನ ಪರಿಚಯವಾಗಿ, ಇಸ್ಪೀಟೆಲೆ ಮಾಯ ಮಾಡುವಂಥ ಕೈಚಳಕಗಳಿಗೆ ಮನಸ್ಸು ಕೊಟ್ಟರು. ತಮ್ಮ ಹೆಸರನ್ನೇ ತಿರುವುಮುರುವು ಮಾಡಿ ಪ್ರೊಫೆಸರ್ ಕೆಲ್ಫಾ ಅಂತ ಇಟ್ಟುಕೊಂಡು ಪ್ರದರ್ಶನವನ್ನೂ ಕೊಟ್ಟರು. ಫಾ-ಲ್-ಕೆ, ಕೆ-ಲ್-ಫಾ; ಬರೆದು ನೋಡಿ, ಸರಿಯಾಗಿ ಬರ್ತದೆ. ಹೆಂಡತಿ ಮಕ್ಕಳು ಸತ್ತವನಿಗೆ ಈ ಆಟ ಯಾಕೆ ಬೇಕಿತ್ತು ಅಂತ ಊರಿನವರು ಅಂದಿರಬಹುದು. ನನಗೆ ಅನ್ನಿಸುವುದು ಬೇರೆ. ಕೈಚಳಕ ಕಲಿಯಬೇಕಾದರೆ ಒಂದೇ ಎಲೆಯನ್ನು ನೂರು ಸಲ ಬೆರಳ ಸಂದಿಯಲ್ಲಿ ತಿರುಗಿಸಬೇಕು. ಆ ನೂರು ಸಲ ತಿರುಗಿಸುವ ಹೊತ್ತಿನಲ್ಲಿ ಮನಸ್ಸು ಬೇರೆ ಕಡೆ ಹೋದರೆ ಎಲೆ ಕೆಳಗೆ ಬೀಳ್ತದೆ. ಹೀಗಾಗಿ ದುಃಖಕ್ಕೆ ದಿನಕ್ಕೆ ಒಂದೆರಡು ತಾಸು ರಜ ಸಿಗ್ತದೆ. ದುಃಖ ಹೋಗಿಬಿಡ್ತದೆ ಅಂತ ನಾನು ಹೇಳ್ತಾ ಇಲ್ಲ. ರಜ ಸಿಗ್ತದೆ, ಅಷ್ಟೆ. ಮುಂದೆ ಅವರ ಸಿನಿಮಾಗಳಲ್ಲಿ ದೇವರು ಮಾಯವಾಗುವ, ಪ್ರತ್ಯಕ್ಷನಾಗುವ ದೃಶ್ಯಗಳನ್ನು ಜನ ಬಾಯಿ ಬಿಟ್ಟುಕೊಂಡು ನೋಡಿದರಲ್ಲ, ಅದರ ಬೇರು ಈ ಕೆಲ್ಫಾ ಪ್ರೊಫೆಸರರ ಇಸ್ಪೀಟೆಲೆಯಲ್ಲಿದೆ.

1902ರಲ್ಲಿ ಅವರಿಗೆ ಎರಡನೆಯ ಮದುವೆಯಾಯಿತು. ಹುಡುಗಿ ಕಿರ್ಲೋಸ್ಕರ ನಾಟಕ ಮಂಡಳಿಗೆ ಸಂಬಂಧಪಟ್ಟ ಮನೆಯವಳು. ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು ಎನ್ನುವುದು ನಮಗೆ ಹೆಮ್ಮೆ. ಮದುವೆಯಾದ ಮೇಲೆ ಹುಡುಗಿಗೆ ಸರಸ್ವತಿ ಅಂತ ಹೆಸರಾಯಿತು. ಈಕೆಯ ವಿಷಯ ಮುಂದೆ ಬರ್ತದೆ. ಫಾಲ್ಕೆ ಪುರಾತತ್ವ ಇಲಾಖೆಯಲ್ಲಿ ಫೋಟೋ ತೆಗೆಯುವ, ನಕ್ಷೆ ಬರೆಯುವ ಕೆಲಸಕ್ಕೆ ಸೇರಿದರು. ವಂಗಭಂಗದ ಗಲಾಟೆ, ಸ್ವದೇಶಿ ಚಳವಳಿ ಬಂದಾಗ ಆ ಸರ್ಕಾರಿ ಕೆಲಸ ಬಿಟ್ಟರು. ಲೋಣಾವಳದಲ್ಲಿ ಮುದ್ರಣದ ಕಾರ್ಖಾನೆ ಇಟ್ಟು ರವಿವರ್ಮ ಪ್ರೆಸ್ಸಿನ ಚಿತ್ರಗಳಿಗೆ ಕೆಲಸ ಮಾಡಿಕೊಟ್ಟರು. ಆಮೇಲೆ ಬೊಂಬಾಯಿಯಲ್ಲಿ ಪಾಲುದಾರರೊಂದಿಗೆ ದೊಡ್ಡ ಪ್ರೆಸ್ಸು. ಬಣ್ಣದ ಯಂತ್ರ ತರಲು 1909ರಲ್ಲಿ ಜರ್ಮನಿಗೆ ಹೋಗಿ ಬಂದರು. ಬಂದ ಮೇಲೆ ಪಾಲುದಾರರ ಜತೆ ಜಗಳವಾಗಿ ಬರಿಗೈಯಲ್ಲಿ ಹೊರಗೆ ಬಂದರು. ಪಾರ್ಟ್ನರ್‌ಶಿಪ್ ಡಿಸಲ್ಯೂಷನ್ ಲೆಕ್ಕ ನಾವು ಪುಸ್ತಕದಲ್ಲಿ ಮಾಡ್ತೇವೆ; ಗುಡ್‌ವಿಲ್ ಎಷ್ಟು, ಯಾರ ಪಾಲು ಎಷ್ಟು ಅಂತ ಕಲಂ ಹಾಕ್ತೇವೆ. ಹೊರಗೆ ಬಂದ ಪಾಲುದಾರ ಮರುದಿನ ಬೆಳಿಗ್ಗೆ ಎದ್ದು ಏನು ಮಾಡ್ತಾನೆ ಅನ್ನೋದಕ್ಕೆ ಆ ಲೆಕ್ಕದಲ್ಲಿ ಕಲಂ ಇಲ್ಲ.

ನಲವತ್ತು ದಾಟಿದ ಫಾಲ್ಕೆ ಮಗನನ್ನು ಕರಕೊಂಡು ಸಿನಿಮಾ ನೋಡಲು ಹೋದರು. 1910-11ರ ಹೊತ್ತು. ಗಿರಗಾಂವಿನಲ್ಲಿ ಏಸುಕ್ರಿಸ್ತನ ಜೀವನದ ಚಿತ್ರ ತೋರಿಸುತ್ತಿದ್ದರು. ಪರದೆಯ ಮೇಲೆ ಕ್ರಿಸ್ತ ನಡೆಯುತ್ತಿದ್ದರೆ ಇವರ ತಲೆಯಲ್ಲಿ ರಾಮ, ಕೃಷ್ಣ ನಡೆಯತೊಡಗಿದರು. ಅಲ್ಲಿಂದ ಮುಂದೆ ದಿನಾ ಸಂಜೆ ನಾಲ್ಕೈದು ತಾಸು ಸಿನಿಮಾ. ಉಳಿದ ಹೊತ್ತೆಲ್ಲ ಅದರದೇ ಓದು, ಅದರದೇ ಪ್ರಯೋಗ. ಒಂದು ಸಣ್ಣ ಯಂತ್ರ, ಒಂದಿಷ್ಟು ರೀಲು ಕೊಂಡು ತಂದು, ರಾತ್ರಿ ಮೇಣದಬತ್ತಿಯ ಬೆಳಕನ್ನು ಭೂತಗನ್ನಡಿಯಂಥ ಮಸೂರದ ಮೂಲಕ ಹಾಯಿಸಿ ಗೋಡೆಯ ಮೇಲೆ ಚಿತ್ರ ಬೀಳಿಸುತ್ತಿದ್ದರು. ನಿದ್ದೆ ಇಲ್ಲ. ಸಂಪಾದನೆ ಇಲ್ಲ. ನಂಟರಿಷ್ಟರು ಇವರಿಗೆ ತಲೆ ಕೆಟ್ಟಿದೆ ಎಂದೇ ತೀರ್ಮಾನಿಸಿದರು.

ಕೆಟ್ಟದ್ದು ತಲೆಯಲ್ಲ, ಕಣ್ಣು. ಎರಡೂ ಕಣ್ಣಿಗೆ ಪೊರೆ ಬಂತು. ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂದು ವೈದ್ಯರು ಹೇಳಿದ್ದನ್ನೂ ಕೇಳದೆ ಕೆಲಸ ಮುಂದುವರಿಸಿದರು. ಕೊನೆಗೊಂದು ದಿನ ಪೂರ್ತಿ ಕಾಣದಾಯಿತು.

ಇಲ್ಲಿ ಓದುಗರು ಸ್ವಲ್ಪ ನಿಂತು ಯೋಚನೆ ಮಾಡಬೇಕು. ಬರೆದು ಬದುಕುವವನಿಗೆ ಕಾಲು ಹೋದರೆ ಕುಳಿತು ಬರೆದಾನು. ಹಾಡುವವನಿಗೆ ಕಣ್ಣು ಹೋದರೆ ಹಾಡಿಯಾನು. ಗದುಗಿನ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದೆ ಎಷ್ಟು ಜನರಿಗೆ ಸಂಗೀತದ ದಾರಿ ತೋರಿಸಿದರು ಎನ್ನುವುದು ನಮಗೆಲ್ಲ ಗೊತ್ತು. ಆದರೆ ಫಾಲ್ಕೆ ಕಲಿತದ್ದೆಲ್ಲ ಕಣ್ಣಿನ ವಿದ್ಯೆ. ಚಿತ್ರಕಲೆ, ಫೋಟೋ, ಬ್ಲಾಕು, ಅಚ್ಚು, ಜಾದೂ, ಈಗ ಸಿನಿಮಾ. ಇಪ್ಪತ್ತೈದು ವರ್ಷದ ಬಂಡವಾಳವೆಲ್ಲ ಆ ಎರಡು ಕಣ್ಣಿನಲ್ಲೇ ಇತ್ತು. ಮನೆಯಲ್ಲಿ ಹೆಂಡತಿ, ಸಣ್ಣ ಮಕ್ಕಳು. ಕಣ್ಣು ಬರದೇ ಹೋಗಿದ್ದರೆ?

ಡಾ. ಪ್ರಭಾಕರ್ ಎಂಬ ನೇತ್ರವೈದ್ಯರು ಚಿಕಿತ್ಸೆ ಮಾಡಿದರು. ದೃಷ್ಟಿ ಮರಳಿತು. ಮೊದಲಿನ ಹಾಗಲ್ಲ; ಮೂರು ನಾಲ್ಕು ಜತೆ ಕನ್ನಡಕ ಇಟ್ಟುಕೊಂಡು ಕೆಲಸ ಮಾಡಬೇಕಾಯಿತು. ಮೊದಲು ಒಂದೇ ನೋಟಕ್ಕೆ ಕಾಣುತ್ತಿದ್ದದ್ದಕ್ಕೆ ಈಗ ಕನ್ನಡಕ ಬದಲಿಸುತ್ತ ಕೂರಬೇಕು. ನಮಗಾದರೆ ಇದೇ ನೆಪ ಸಾಕಿತ್ತು, ಸಿನಿಮಾದ ಸಹವಾಸ ಬೇಡ ಅಂತ ಕೈ ಮುಗಿಯುತ್ತಿದ್ದೆವು. ಯಾವ ಹುಚ್ಚು ಕಣ್ಣು ಕೆಡಿಸಿತೋ ಅದರ ಕಡೆಗೇ ಆ ಮನುಷ್ಯ ಹೊರಳಿದರು. ಇದು ಸರಿಯೆ? ವೈದ್ಯರ ಮಾತು ಮೀರಿದ್ದು ಸರಿಯಲ್ಲ ಅಂತಲೇ ನಾನು ಹೇಳ್ತೇನೆ. ಆದರೆ ಆ ಹುಚ್ಚು ಇಲ್ಲದಿದ್ದರೆ ಗುಣವಾದ ಕಣ್ಣಿನಿಂದ ನೋಡಬೇಕಾದ್ದು ಏನು ಉಳಿದಿತ್ತು ಅವರಿಗೆ? ಈ ಎರಡು ಮಾತೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಇದರಲ್ಲಿ ನನಗೂ ಸ್ವಲ್ಪ ಅನುಭವ ಇದೆ. ಪಿ.ಯು.ಸಿ.ಯಲ್ಲಿ ನನಗೆ ಕಾಮಾಲೆ ಆಗಿ ಮೂರು ತಿಂಗಳು ಮಲಗಿದ್ದೆ. ಎಣ್ಣೆ ಇಲ್ಲ, ಖಾರ ಇಲ್ಲ, ಮಜ್ಜಿಗೆ ಅನ್ನ. ಪುಸ್ತಕ ಹಿಡಿದರೆ ಎರಡು ಪುಟಕ್ಕೆ ತಲೆ ಸುತ್ತುತ್ತಿತ್ತು. ಕಿಟಕಿಯ ಹೊರಗೆ ರಸ್ತೆ ಕಾಣುತ್ತಿತ್ತು. ಒಂದು ಹಳೇ ನೋಟುಬುಕ್ಕಿನಲ್ಲಿ ಗೆರೆ ಎಳೆದು, ಹೋಗುವ ಲಾರಿಗಳನ್ನು ಬರೆದುಕೊಳ್ಳೋಕೆ ಶುರು ಮಾಡಿದೆ. ಯಾವ ರಾಜ್ಯದ್ದು, ಲೋಡು ಏನು, ಎಷ್ಟು ಹೊತ್ತಿಗೆ. ಅಜ್ಜಿ ನೋಡಿ, ಇವನೇನು ಚೆಕ್‌ಪೋಸ್ಟಿನ ಗುಮಾಸ್ತನೇ ಅಂತ ನಗುತ್ತಿದ್ದಳು. ಆದರೆ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಇವತ್ತು ಎಷ್ಟು ಬರ್ತಾವೋ ಎಂಬ ಕುತೂಹಲ ಇರುತ್ತಿತ್ತು. ಅದಕ್ಕೆ ಮುಂಚೆ ಬೆಳಿಗ್ಗೆ ಕಣ್ಣು ಬಿಡೋದೇ ಬೇಡವಾಗಿತ್ತು. ಔಷಧಿಯ ಕೆಲಸ ಔಷಧಿ ಮಾಡಿತು. ಆದರೆ ಎರಡು ಔಷಧಿಯ ನಡುವಿನ ಆರು ತಾಸನ್ನು ಕಳೆಸಿದ್ದು ಆ ಲಾರಿಗಳು.

ಹೀಗೆ ಮಲಗಿ ಕಲಿತದ್ದರಿಂದ ಹೇಳ್ತೇನೆ. ರೋಗಿಯ ಹವ್ಯಾಸಕ್ಕೆ ಮೂರು ಗುಣ ಇರಬೇಕು. ಅದು ಸಣ್ಣದಿರಬೇಕು. ದಿನಾ ಅಷ್ಟಷ್ಟೇ ಮುಂದೆ ಹೋಗುವಂಥದ್ದಿರಬೇಕು, ನಾಳೆಗೆ ಸ್ವಲ್ಪ ಉಳಿಯಬೇಕು. ಮತ್ತೆ, ಯಾವ ಅಂಗಕ್ಕೆ ನೋವಿದೆಯೋ ಅದನ್ನೇ ದುಡಿಸುವಂಥದ್ದಾಗಬಾರದು. ಫಾಲ್ಕೆ ಮೂರನೆಯದನ್ನು ಮೀರಿ ಪೆಟ್ಟು ತಿಂದರು. ಮೊದಲೆರಡನ್ನು ಅವರು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಎನ್ನೋದಕ್ಕೆ ಆ ಬಟಾಣಿ ಗಿಡವೇ ಸಾಕ್ಷಿ.

ಅದಕ್ಕೆ ಮುಂಚೆ ದುಡ್ಡಿನ ಮಾತು. ಫಾಲ್ಕೆ ತಮ್ಮ ಹನ್ನೆರಡು ಸಾವಿರ ರೂಪಾಯಿಯ ವಿಮಾ ಪಾಲಿಸಿಗಳನ್ನು ಒತ್ತೆಯಿಟ್ಟು ಹತ್ತು ಸಾವಿರ ಸಾಲ ಎತ್ತಿದರು. ಕಣ್ಣು ಆಗತಾನೆ ಬಂದ ಮನುಷ್ಯ ಜೀವವಿಮೆಯನ್ನೇ ಅಡವು ಇಡೋದು ಅಂದ್ರೆ! ಬ್ಯಾಂಕಿಂಗ್ ಓದಿದ ಯಾರೂ ಇದನ್ನು ಒಪ್ಪಲಾರರು. 1912ರ ಫೆಬ್ರವರಿ 1ರಂದು ಲಂಡನ್ನಿಗೆ ಹಡಗು ಹತ್ತಿದರು. ಅಲ್ಲಿ ಬಯಾಸ್ಕೋಪ್ ಪತ್ರಿಕೆಯ ಸಂಪಾದಕರು ಮೊದಲು ಬೇಡವೆಂದರೂ ಆಮೇಲೆ ಇವರ ಉತ್ಸಾಹ ಕಂಡು ಸಿಸಿಲ್ ಹೆಪ್‌ವರ್ತ್ ಎಂಬ ಚಿತ್ರ ತಯಾರಕರ ಬಳಿ ಕರೆದೊಯ್ದರು. ಅಲ್ಲಿನ ಸ್ಟುಡಿಯೋದಲ್ಲಿ ಕೆಲಸ ನೋಡಿದರು. ಐವತ್ತು ಪೌಂಡಿಗೆ ಒಂದು ವಿಲಿಯಮ್ಸನ್ ಕ್ಯಾಮೆರಾ, ಜತೆಗೆ ಫಿಲ್ಮಿನ ಅಂಚಿಗೆ ತೂತು ಕೊರೆಯುವ ಯಂತ್ರಕ್ಕೆ ಹೇಳಿ, ಏಪ್ರಿಲ್ 1ಕ್ಕೆ ಊರಿಗೆ ವಾಪಸು.

ಯಂತ್ರಗಳು ಬಂದವು. ಆದರೆ ಕಥಾಚಿತ್ರ ತೆಗೆಯೋಕೆ ದುಡ್ಡು ಕೊಡುವವರು ಯಾರು? ಜನರಿಗೆ ಏನಾದರೂ ತೋರಿಸಬೇಕು. ಆಗ ಫಾಲ್ಕೆ ಒಂದು ಕುಂಡದಲ್ಲಿ ಬಟಾಣಿ ಕಾಳು ಊರಿ ಅದರೆದುರು ಕ್ಯಾಮೆರಾ ನಿಲ್ಲಿಸಿದರು. ಒಂದು ತಿಂಗಳಿಗೂ ಮೇಲ್ಪಟ್ಟು, ಕಾಳು ಮೊಳೆತು ಬಳ್ಳಿಯಾಗುವ ತನಕ, ಬಿಟ್ಟು ಬಿಟ್ಟು ಒಂದೊಂದೇ ಚೌಕಟ್ಟು ತೆಗೆಯುತ್ತ ಹೋದರು. ಆ ಕಾಲದ ಮೂಕಿ ಚಿತ್ರ ಸೆಕೆಂಡಿಗೆ ಸುಮಾರು ಹದಿನಾರು ಚೌಕಟ್ಟಿನ ವೇಗದಲ್ಲಿ ಓಡುತ್ತಿತ್ತು. ಅಂದರೆ ಒಂದು ನಿಮಿಷದ ಚಿತ್ರಕ್ಕೆ ಸಾವಿರದ ಹತ್ತಿರ ಚೌಕಟ್ಟು. ಲೆಕ್ಕ ಹಾಕಿ ನೋಡಿ, ಎಷ್ಟು ಸಲ ಎದ್ದು ಬಂದು ಕ್ಯಾಮೆರಾದ ಹಿಡಿ ತಿರುಗಿಸಿರಬೇಕು! ಬೆಳಕು ಹೆಚ್ಚು ಕಡಿಮೆ ಆಗಬಾರದು, ಕುಂಡ ಅಲುಗಬಾರದು, ಮನೆಯ ಮಕ್ಕಳು ಮುಟ್ಟಬಾರದು. ಗಿಡವನ್ನು ಅವಸರ ಮಾಡಿಸೋಕೆ ಯಾರಿಂದಲೂ ಆಗೋದಿಲ್ಲ. ಹಗಲು ರಾತ್ರಿ ಒಂದು ಮಾಡಿ ಕಣ್ಣು ಕೆಡಿಸಿಕೊಂಡವರು ಇಲ್ಲಿ ಒಂದು ಕಾಳಿನ ವೇಗಕ್ಕೆ ತಮ್ಮನ್ನು ಕಟ್ಟಿಹಾಕಿಕೊಂಡರು. ಒಂದು ನಿಮಿಷಕ್ಕಿಂತ ತುಸು ಹೆಚ್ಚಿನ ಆ ಚಿತ್ರ ನೋಡಿದವರು ಬೆರಗಾದರು. ತಿಂಗಳ ಬೆಳೆ ಕಣ್ಣೆದುರೇ ನಿಮಿಷದಲ್ಲಿ ಬೆಳೆದು ನಿಂತಿತ್ತು. ಸಾಲ ಹುಟ್ಟಿತು. ಭಾರತದ ಸಿನಿಮಾ ಹೀಗೆ ಒಂದು ಬಟಾಣಿ ಕಾಳಿನ ಜಾಮೀನಿನ ಮೇಲೆ ಶುರುವಾಯಿತು ಅಂದರೂ ನಡೀತದೆ.

‘ಹರಿಶ್ಚಂದ್ರ’ದ ಕತೆ ಬಹಳ ಜನ ಬರೆದಿದ್ದಾರೆ, ನಾನು ಉದ್ದ ಮಾಡೋದಿಲ್ಲ. ಹೆಣ್ಣು ಪಾತ್ರಕ್ಕೆ ಹೆಂಗಸರು ಸಿಗದೆ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಸಾಳುಂಕೆ ಎಂಬ ಯುವಕ ತಾರಾಮತಿಯಾದ. ಫಾಲ್ಕೆಯವರ ಮಗ ಭಾಲಚಂದ್ರನೇ ರೋಹಿತಾಶ್ವ. ದಬಕೆ ಎಂಬ ನಟ ಹರಿಶ್ಚಂದ್ರ. ಏಳು ತಿಂಗಳಿಗೆ ಮೂರು ದಿನ ಕಡಿಮೆ, ಅಷ್ಟು ಕಾಲ ಕೆಲಸ ನಡೆಯಿತು. 1913ರ ಮೇ 3ರಂದು ಬೊಂಬಾಯಿಯ ಕಾರೋನೇಷನ್ ಥಿಯೇಟರಿನಲ್ಲಿ ಬಿಡುಗಡೆ. ಆದರೆ ಇಲ್ಲಿ ಸರಸ್ವತಿಬಾಯಿಯವರ ಹೆಸರು ಹೇಳದೆ ಹೋದರೆ ಅನ್ಯಾಯ. ದಿನವೂ ಅಷ್ಟೊಂದು ಜನಕ್ಕೆ ಅಡಿಗೆ ಮಾಡಿ ಬಡಿಸಿ, ಹಗಲು ಚಿತ್ರೀಕರಣದಲ್ಲಿ ಬೆಳಕಿಗೆ ಬಿಳಿ ಬಟ್ಟೆ ಹಿಡಿದು, ರಾತ್ರಿ ಕತ್ತಲಲ್ಲಿ ಕೂತು ಫಿಲ್ಮಿಗೆ ತೂತು ಕೊರೆದವರು ಆಕೆ. ಗಂಡನ ಹವ್ಯಾಸಕ್ಕೆ ಒಡವೆಯನ್ನೂ ಕೊಟ್ಟರು, ನಿದ್ದೆಯನ್ನೂ ಕೊಟ್ಟರು. ನಾವು ಹವ್ಯಾಸ ಹವ್ಯಾಸ ಅಂತ ಹೊಗಳುವಾಗ ಅದರ ಖರ್ಚು ಯಾರ ಖಾತೆಗೆ ಬೀಳ್ತದೆ ಅಂತಲೂ ನೋಡಬೇಕು. ಫಾಲ್ಕೆಯವರ ಲೆಡ್ಜರಿನಲ್ಲಿ ಎಡಬದಿಯೆಲ್ಲ ಸರಸ್ವತಿಬಾಯಿಯವರದೇ.

ಅದೇ ವರ್ಷ ಫಾಲ್ಕೆ ನಾಸಿಕಕ್ಕೆ, ಹುಟ್ಟಿದೂರಿನ ಹತ್ತಿರಕ್ಕೇ, ಬಂದು ಸ್ಟುಡಿಯೋ ಮಾಡಿದರು. ‘ಮೋಹಿನಿ ಭಸ್ಮಾಸುರ’, ‘ಲಂಕಾದಹನ’, ‘ಶ್ರೀಕೃಷ್ಣ ಜನ್ಮ’, ‘ಕಾಲಿಯ ಮರ್ದನ’ ಒಂದಾದ ಮೇಲೊಂದು ಬಂದವು. 1917ರ ‘ಲಂಕಾದಹನ’ದಲ್ಲಿ ಆ ಸಾಳುಂಕೆಯೇ ರಾಮನೂ ಆದ, ಸೀತೆಯೂ ಆದ. 1918ರಲ್ಲಿ ಶ್ರೀಮಂತ ಪಾಲುದಾರರೊಡನೆ ಹಿಂದೂಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಆಯಿತು. ಮತ್ತೆ ಪಾಲುದಾರರು, ಮತ್ತೆ ಭಿನ್ನಾಭಿಪ್ರಾಯ. ಬೇಸತ್ತು ಎಲ್ಲ ಬಿಟ್ಟು ಕುಟುಂಬಸಮೇತ ಕಾಶಿಗೆ ಹೋದರು. ಅಲ್ಲಿ ಸುಮ್ಮನೆ ಕೂತರೆ? ಇಲ್ಲ. ‘ರಂಗಭೂಮಿ’ ಎಂಬ ಮರಾಠಿ ನಾಟಕ ಬರೆದರು. ಗೋಧ್ರಾದ ದುಃಖಕ್ಕೆ ಇಸ್ಪೀಟೆಲೆ ಹೇಗೋ ಈ ಮುರಿದ ಮನಸ್ಸಿಗೆ ನಾಟಕ ಹಾಗೆ. ಕೆಲಕಾಲದ ಮೇಲೆ ನಾಸಿಕಕ್ಕೆ ಮರಳಿ ಮತ್ತೆ ಚಿತ್ರ ತೆಗೆದರು.

1931ರಲ್ಲಿ ‘ಆಲಂ ಆರಾ’ ಬಂದು ಸಿನಿಮಾಕ್ಕೆ ಬಾಯಿ ಬಂತು. 1934ರಲ್ಲಿ ಕೊಲ್ಹಾಪುರದ ಸ್ಟುಡಿಯೋದಲ್ಲಿ ತಯಾರಾದ ನಮ್ಮ ‘ಸತಿ ಸುಲೋಚನಾ’ ಕನ್ನಡದ ಮೊದಲ ಟಾಕಿಯಾಯಿತು. ಅದೇ ಕೊಲ್ಹಾಪುರದಲ್ಲಿ ಫಾಲ್ಕೆ ತಮ್ಮ ಕೊನೆಯ ಚಿತ್ರ ‘ಗಂಗಾವತರಣ’ವನ್ನು 1937ರಲ್ಲಿ ಮುಗಿಸಿದರು. ಕಾಲ ಅವರನ್ನು ಹಿಂದೆ ಬಿಟ್ಟಿತ್ತು. ತೊಂಬತ್ತೈದರಷ್ಟು ಕಥಾಚಿತ್ರ, ಇಪ್ಪತ್ತೇಳು ಕಿರುಚಿತ್ರ ಮಾಡಿದವರ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ತೀರಿಕೊಂಡರು. ಗೋದಾವರಿ ಹುಟ್ಟುವಲ್ಲಿ ಹುಟ್ಟಿ, ಅದೇ ನದಿಯ ದಂಡೆಯ ಊರಿನಲ್ಲಿ ಮುಗಿದ ಬಾಳು. ನಾಸಿಕದ ಪಾಂಡವಲೇಣಿ ಗುಹೆಗಳ ಬುಡದಲ್ಲಿ ಈಗ ಅವರ ಹೆಸರಿನ ಸ್ಮಾರಕ ಇದೆ.

ಎಲ್ಲರ ಹವ್ಯಾಸವೂ ಫಾಲ್ಕೆಯವರದರ ಹಾಗೆ ದೇಶದ ಚರಿತ್ರೆಯಾಗಬೇಕಿಲ್ಲ. ಆಗೋದೂ ಇಲ್ಲ. ಕೂಡಿಟ್ಟ ಬೆಂಕಿಪೊಟ್ಟಣದ ಚೀಟಿ ಚೀಟಿಯಾಗಿಯೇ ಉಳಿದರೂ ನಷ್ಟವಿಲ್ಲ. ಮಲಗಿದವನನ್ನು ನಾಳೆಯ ತನಕ ದಾಟಿಸಿದರೆ ಅದರ ಕೆಲಸ ಮುಗಿಯಿತು. ನಮ್ಮ ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ಯಾರಾದರೂ ಕಾಲು ಮುರಿದುಕೊಂಡೋ ಟೈಫಾಯಿಡ್ ಬಂದೋ ಮಲಗಿದರೆ ನಾವು ನಾಲ್ಕು ಮೋಸಂಬಿ, ಒಂದು ಬ್ರೆಡ್ಡು ಹಿಡಿದುಕೊಂಡು ಹೋಗ್ತೇವೆ, ಹತ್ತು ನಿಮಿಷ ಮಂಚದ ಪಕ್ಕ ನಿಂತು ಬರ್ತೇವೆ. ಮಿತ್ರರೇ, ಮೋಸಂಬಿ ಬೇಡ ಅನ್ನಲಾರೆ. ಜತೆಗೆ ಒಂದು ಗೆರೆಹಾಕಿದ ನೋಟುಬುಕ್ಕು, ಒಂದು ಬಣ್ಣದ ಪೆನ್ಸಿಲ್, ಇಲ್ಲವೇ ತೆಂಗಿನ ಚಿಪ್ಪಿನಲ್ಲಿ ಮಣ್ಣು ತುಂಬಿ ನಾಲ್ಕು ಬಟಾಣಿ ಕಾಳು ತಗೊಂಡು ಹೋಗಿ. ಮೋಸಂಬಿ ಆ ಸಂಜೆಗೇ ಮುಗೀತದೆ. ಕಾಳು ಮೊಳೆಯೋಕೆ ನಾಲ್ಕೈದು ದಿನವಾದರೂ ಬೇಕು.